ಅನಂಡೇಲಿನ ಸ್ಟಾಕ್‌ಹೋಮ್

೧೯೯೬ನೇ ಇಸವಿ ಮಾರ್ಚ್ ೧೭, ಭಾನುವಾರ. ನನ್ನ ಡೈರಿಯ ಆ ಪುಟದಲ್ಲಿ ಹೀಗಿದೆ: "ಬೆಳಿಗ್ಗೆ ಚಳಿ. ಯುಗಾದಿಗೆ ಬೇವಿನ ಎಲೆ ಎಲ್ಲೂ ಸಿಕ್ಕಲಿಲ್ಲ. ಮಧ್ಯಾಹ್ನ ಮಹಾಂತಪ್ಪನವರ ಬೇಸ್‌ಮೆಂಟಿನಲ್ಲಿ ಸಮಿತಿಯ ಸಭೆ. ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿಗೆ ಪ್ರವಾಸ ಹೋಗುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಉಪ್ಪಿಟ್ಟಿಗೆ ಉಪ್ಪು ಕಡಿಮೆ."

ಸಮಿತಿ ಎಂದರೆ ಪೊಟೋಮ್ಯಾಕ್ ಕನ್ನಡ ಪ್ರವಾಸ ಮತ್ತು ಸಂಸ್ಕೃತಿ ಸಮಿತಿ. ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡ ವರ್ಜೀನಿಯಾ ಭಾಗದಲ್ಲಿ ಇಪ್ಪತ್ತನಾಲ್ಕು ಸದಸ್ಯರು. ಅಧ್ಯಕ್ಷರು ಧಾರವಾಡದ ಮಹಾಂತಪ್ಪನವರು. ದೇಶದೇಶಗಳಿಗೆ ಸಾಲ ಕೊಡುವ ಒಂದು ದೊಡ್ಡ ಸಂಸ್ಥೆಯಲ್ಲಿ ಅಧಿಕಾರಿ. ಕಾರ್ಯದರ್ಶಿ ನಾನು, ಅಲಮೇಲು. ಮಹಾರಾಣಿ ಕಾಲೇಜಿನ ಬಿ.ಎ., ಭೂಗೋಳದಲ್ಲಿ ಪ್ರಥಮ ದರ್ಜೆ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಪ್ರತಿ ಜುಲೈ ತಿಂಗಳಲ್ಲಿ ಒಂಬತ್ತನೇ ತರಗತಿಗೆ ಸ್ಕ್ಯಾಂಡಿನೇವಿಯಾ ಬರುತ್ತಿತ್ತು. "ಸ್ಟಾಕ್‌ಹೋಮ್ ಹದಿನಾಲ್ಕು ದ್ವೀಪಗಳ ಮೇಲೆ ಕಟ್ಟಿದ ನಗರ" ಎಂದು ಹೇಳಿ ಬೋರ್ಡಿನ ಮೇಲೆ ಹದಿನಾಲ್ಕು ದ್ವೀಪ ಬರೆಯುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ, "ಮೇಡಂ, ನೀವು ನೋಡಿದ್ದೀರಾ?" ಎಂದು ಕೇಳಿದಳು. ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ನಿವೃತ್ತಿಯಾದ ಮೇಲೆ ನನಗೆ ನೋಡಬೇಕೆನಿಸಿದ ಊರು ಅದೊಂದೇ.

ಪ್ರವಾಸಕ್ಕೆ ಹಣ ಹೊಂದಿಸುವ ಹೊಣೆ ಅಧ್ಯಕ್ಷರದು. ಹದಿನೆಂಟು ವರ್ಷ ಸಾಲ ಕೊಟ್ಟವರಿಗೆ ಅನುದಾನ ಕೇಳುವ ಭಾಷೆ ತಾಯಿಭಾಷೆಯಂತೆ ಬರುತ್ತದೆ. ಹತ್ತಿರದ ಬೆಥೆಸ್ಡಾ ಊರಿನ ಒಂದು ಜಾಗತಿಕ ಸ್ನೇಹ ಪ್ರತಿಷ್ಠಾನಕ್ಕೆ ಅವರು ಒಂದು ಪುಟ ಬರೆದರು. "ಪರದೇಶದ ರಾಜಧಾನಿಯ ಪ್ರೇಕ್ಷಣೀಯ ಸ್ಥಳ, ಸಂಸ್ಕೃತಿ, ಖರೀದಿ ಮತ್ತು ಭೋಜನಗಳ ಅಧ್ಯಯನಕ್ಕಾಗಿ" ಎರಡು ಸಾವಿರದ ನಾನೂರು ಡಾಲರಿನ ಚೆಕ್ ಮೂರೇ ವಾರದಲ್ಲಿ ಬಂತು. ಒಡನೆಯೇ ನಾಲ್ಕು ಉಪಸಮಿತಿಗಳು ರಚನೆಯಾದವು.

ಎರಡನೇ ಸಭೆಗೆ ಎಲ್ಲರೂ ಪಾಸ್‌ಪೋರ್ಟ್ ತರತಕ್ಕದ್ದೆಂದು ಸೂಚನೆ ಹೋಗಿತ್ತು. ತಂದಿದ್ದರು. ಆಗ ಸಂಸ್ಕೃತಿ ಉಪಸಮಿತಿಯ ಕರುಣಾಕರ ಕೈ ಎತ್ತಿದ. ಮಂಗಳೂರು ಕಡೆಯವನು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ.

"ಸರ್, ಒಂದು ಸಣ್ಣ ಪ್ರಾಬ್ಲೆಮ್ ಉಂಟು. ನಮ್ಮದು ಗ್ರೀನ್ ಕಾರ್ಡ್ ಪೆಂಡಿಂಗ್. ಈಗ ದೇಶ ಬಿಟ್ಟು ಹೊರಗೆ ಹೋದರೆ ಅರ್ಜಿ ಬಿಟ್ಟ ಹಾಗೆಯೇ ಲೆಕ್ಕವಂತೆ."

"ಹಂಗನು?" ಎಂದರು ಮಹಾಂತಪ್ಪನವರು. "ಇನ್ನ ಯಾರ್ಯಾರದು ಹಂಗೈತಿ, ಕೈ ಎತ್ರಿ."

ಇಪ್ಪತ್ತೊಂದು ಕೈ ಎದ್ದವು. ಅವುಗಳಲ್ಲಿ ಒಂದು ನನ್ನದು. ಮಗ ಶಶಾಂಕ್ ಅಮೆರಿಕದ ಪ್ರಜೆಯಾಗಿ ನಮ್ಮಿಬ್ಬರಿಗೂ ಅರ್ಜಿ ಹಾಕಿ ಒಂದು ವರ್ಷವಾಗಿತ್ತು. ನನ್ನ ಕೈಯ ಪಕ್ಕದಲ್ಲಿ ಎದ್ದದ್ದು ನಮ್ಮ ಯಜಮಾನರು ಮುರಳೀಧರ ಅವರ ಕೈ. ಎದ್ದಿರದ ಮೂರು ಕೈಗಳು ಅಧ್ಯಕ್ಷರು, ಅವರ ಪತ್ನಿ ಶಿವಬಸಮ್ಮ ಮತ್ತು ಅವರ ಭಾವಮೈದುನನವು. ಅಧ್ಯಕ್ಷರು ಸ್ಟಾಕ್‌ಹೋಮನ್ನು ಈಗಾಗಲೇ ನೋಡಿದ್ದರು. ವಿಮಾನ ಬದಲಿಸುವಾಗ ಮುಕ್ಕಾಲು ಗಂಟೆ ನಿಲ್ದಾಣದಲ್ಲಿ ಕೂತಿದ್ದರು. "ನೆಲ ಭಾಳ ಸ್ವಚ್ಛ ಐತ್ರಿ" ಎಂಬುದು ಅವರ ಅಭಿಪ್ರಾಯ. ಆದ್ದರಿಂದ ಅವರೇ ತಜ್ಞರು.

ಹಣ ಹಿಂತಿರುಗಿಸುವ ಸಲಹೆಯನ್ನು ಯಾರೂ ಮಾಡಲಿಲ್ಲವೆಂದು ನಡಾವಳಿಯಲ್ಲಿ ದಾಖಲಾಗಿದೆ.

ಸ್ವೀಡನ್ನಿನ ರಾಯಭಾರ ಕಚೇರಿ ವಾಷಿಂಗ್ಟನ್ನಿನಲ್ಲಿಯೇ ಇದೆಯಲ್ಲ, ಅಲ್ಲಿಗೆ ಹೋಗಿ ಬರಬಹುದು ಎಂದು ಒಬ್ಬರು ಸೂಚಿಸಿದರು. ಕರುಣಾಕರ ಬೆವೆತುಹೋದ. ರಾಯಭಾರ ಕಚೇರಿಯ ನೆಲ ಆ ದೇಶದ ನೆಲವಂತೆ. ಹೊಸಿಲು ದಾಟಿದರೆ ದೇಶ ಬಿಟ್ಟಂತಲ್ಲವೇ? ಪ್ರಶ್ನೆ ಗಂಭೀರವಾಗಿದ್ದುದರಿಂದ ಒಬ್ಬ ವಲಸೆ ವಕೀಲರನ್ನು ಕೇಳಲಾಯಿತು. ಅವರು ಎಪ್ಪತ್ತೈದು ಡಾಲರ್ ಪಡೆದು, ರಾಯಭಾರ ಕಚೇರಿಯ ನೆಲ ಅಮೆರಿಕದ ನೆಲವೇ, ಧಾರಾಳವಾಗಿ ಹೋಗಿ ಎಂದು ಲಿಖಿತ ಅಭಿಪ್ರಾಯ ಕೊಟ್ಟರು.

ಸಭೆ ಈ ಅಭಿಪ್ರಾಯವನ್ನು ಬೇಸರದಿಂದ ಸ್ವೀಕರಿಸಿತು. "ಸ್ವೀಡನ್ ಅಲ್ಲ ಅಂದ ಮ್ಯಾಲ ಅಲ್ಲಿಗೆ ಹೋಗಿ ಏನ್ ಮಾಡೋದೈತ್ರಿ?" ಎಂದರು ಅಧ್ಯಕ್ಷರು. ನಮಗೆ ಬೇಕಾಗಿದ್ದದ್ದು ಕಾನೂನಿನ ದೃಷ್ಟಿಯಲ್ಲಿ ಅಮೆರಿಕ, ಸಮಿತಿಯ ದೃಷ್ಟಿಯಲ್ಲಿ ಸ್ವೀಡನ್ ಆಗಿರುವಂಥ ಸ್ಥಳ.

ಆಗ ನಾನು ನಿಯಮ ಏಳನ್ನು ರಚಿಸಿದೆ. ಅದರ ಪಠ್ಯ: "ಪ್ರವಾಸಿಗಳು ನಗರಕ್ಕೆ ಹೋಗಲಾಗದ ಸಂದರ್ಭದಲ್ಲಿ ನಗರವನ್ನು ಪ್ರವಾಸಿಗಳ ಬಳಿಗೆ ತರತಕ್ಕದ್ದು. ಹೀಗೆ ತರಲಾದ ನಗರವನ್ನು ಸಕಲ ಉದ್ದೇಶಗಳಿಗೂ ಮೂಲ ನಗರವೆಂದೇ ಭಾವಿಸತಕ್ಕದ್ದು." ವಾಕ್ಯರಚನೆಯನ್ನು ಎಲ್ಲರೂ ಮೆಚ್ಚಿದರು. ಯಜಮಾನರು ಮಾತ್ರ ಮನೆಗೆ ಬರುವಾಗ ಕಾರಿನಲ್ಲಿ, "ಅಲಮೇಲು, ನೀನು ನೋಡ್ಬೇಕು ಅಂದದ್ದು ಇದನ್ನೇನೇ?" ಎಂದರು. ಅವರು ಮೂವತ್ತು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿದ್ದವರು, ಕಟ್ಟದ ಸೇತುವೆಗಳನ್ನು ಎಷ್ಟೋ ನೋಡಿದ್ದಾರೆ.

ಜೂನ್ ೮, ಶನಿವಾರ, ನಾಲ್ಕು ವ್ಯಾನುಗಳಲ್ಲಿ ಹೊರಟೆವು. ವಾಷಿಂಗ್ಟನ್ನನ್ನು ಸುತ್ತುವರಿದ ಬೆಲ್ಟ್‌ವೇ ರಸ್ತೆಯನ್ನು ಅಟ್ಲಾಂಟಿಕ್ ಮಹಾಸಾಗರವೆಂದು ಗೊತ್ತುಪಡಿಸಲಾಗಿತ್ತು. ಒಂದು ಟ್ರಕ್ ಕೆಟ್ಟು ನಿಂತಿದ್ದರಿಂದ ಸಾಗರ ದಾಟಲು ಒಂದೂವರೆ ಗಂಟೆ ಹಿಡಿಯಿತು. ಅಧ್ಯಕ್ಷರು ಮುಂದಿನ ಸೀಟಿನಿಂದ ಪ್ರಕಟಣೆ ಮಾಡಿದರು: "ಪ್ರಯಾಣಿಕರ ಗಮನಕ್ಕೆ. ಸ್ಥಳೀಯ ಸಮಯಕ್ಕೆ ಅನುಗುಣವಾಗಿ ತಮ್ಮ ಗಡಿಯಾರಗಳನ್ನು ಆರು ಗಂಟೆ ಮುಂದಕ್ಕೆ ತಿರುಗಿಸತಕ್ಕದ್ದು." ತಿರುಗಿಸಿದೆವು. ವಿಮಾನದ ಊಟವಾಗಿ ನನ್ನ ಪುಳಿಯೋಗರೆ ಹಂಚಲಾಯಿತು.

"ಆಂಟಿ, ಇದು ಬೆಳಗ್ಗಿನ ತಿಂಡಿಯಾ, ಸಂಜೆಯ ಊಟವಾ?" ಎಂದು ಕೇಳಿದಳು ಬೇಬಿ. ಕರುಣಾಕರನ ಹೆಂಡತಿ, ಭೋಜನ ಉಪಸಮಿತಿಯ ಮುಖ್ಯಸ್ಥೆ. "ಮತ್ತೆ ರಿಪೋರ್ಟ್‌ನಲ್ಲಿ ಎಂತ ಬರೀಬೇಕು ನಾನು?"

"ಸ್ಥಳೀಯ ಸಮಯ ಬರಿ," ಎಂದೆ.

ಸ್ಟಾಕ್‌ಹೋಮಿನ ನಗರಸಭಾ ಭವನ ಕೆಂಪು ಇಟ್ಟಿಗೆಯ ಕಟ್ಟಡ. ನಮ್ಮ ವರ್ಜೀನಿಯಾದ ಅನಂಡೇಲ್ ಎಂಬ ಊರಿನ ಅಗ್ನಿಶಾಮಕ ಠಾಣೆಯೂ ಕೆಂಪು ಇಟ್ಟಿಗೆಯದೇ. ಅದರ ಮುಂದೆ ಎಲ್ಲರೂ ಸಾಲಾಗಿ ನಿಂತೆವು. ನೊಬೆಲ್ ಭೋಜನ ಇಲ್ಲಿಯೇ ನಡೆಯುತ್ತದೆಂದು ನಾನು ವಿವರಿಸಿದೆ. ಯಜಮಾನರು ಫೋಟೋ ತೆಗೆದರು. ಒಬ್ಬ ಅಗ್ನಿಶಾಮಕ ಸಿಬ್ಬಂದಿ ಹೊರಗೆ ಬಂದು ಏನು ಬೇಕಾಗಿತ್ತೆಂದು ವಿಚಾರಿಸಿದ. ಸ್ಟಾಕ್‌ಹೋಮ್ ನೋಡುತ್ತಿದ್ದೇವೆ ಎಂದರು ಅಧ್ಯಕ್ಷರು. "ಚೆನ್ನಾಗಿ ನೋಡಿ," ಎಂದು ಹೇಳಿ ಅವನು ಒಳಗೆ ಹೋದ.

ಅಲ್ಲಿಂದ ಸಂಸ್ಕೃತಿ. ಸ್ಟಾಕ್‌ಹೋಮಿನ ಜನ ಅತ್ಯಂತ ಹೆಮ್ಮೆಯಿಂದ ತೋರಿಸುವುದು ವಾಸಾ ಎಂಬ ಯುದ್ಧನೌಕೆಯನ್ನು. ೧೬೨೮ರಲ್ಲಿ ಅರಸನ ಅಪ್ಪಣೆಯಂತೆ ಕಟ್ಟಿದ್ದು. ಬಂದರಿನಿಂದ ಹೊರಟ ದಿನವೇ, ಊರಿನವರು ನೋಡುತ್ತಿರುವಾಗಲೇ ಮುಳುಗಿತು. ಮುನ್ನೂರ ಮೂವತ್ತಮೂರು ವರ್ಷದ ಮೇಲೆ ಮೇಲೆತ್ತಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಯಜಮಾನರು ಇದನ್ನು ಕೇಳಿ, ಸ್ವೀಡನ್ನಿನ ಬಗ್ಗೆ ತಮಗೆ ಮೊದಲ ಸಲ ಗೌರವ ಬಂತೆಂದರು.

ನಮ್ಮ ನೌಕೆ ಹತ್ತಿರದ ಕೆರೆಯೊಂದರ ಪೆಡಲ್ ದೋಣಿ. ನಾಲ್ವರು ಕೂರುವಂಥದ್ದು. ಅಧ್ಯಕ್ಷರ ಘನತೆಗೆ ನಾಲ್ವರು ಸಾಲರೆಂದು ಆರು ಮಂದಿ ಹತ್ತಿದರು. ದೋಣಿಯವನು ಬೇಡವೆಂದ, ಅರಸನಿಗೂ ಯಾರೋ ಹಾಗೆಯೇ ಹೇಳಿರಬೇಕು. ದಡದಿಂದ ಹತ್ತು ಮಾರು ಹೋಗುವಷ್ಟರಲ್ಲಿ ನೌಕೆ ಎಡಕ್ಕೆ ವಾಲಿತು. ಸೊಂಟದ ಮಟ್ಟದ ನೀರಿನಲ್ಲಿ ಅಧ್ಯಕ್ಷರು ಎದ್ದು ನಿಂತಾಗ ದಡದ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದೆವು. ಶಿವಬಸಮ್ಮನವರು, "ನಲವತ್ತು ವರ್ಷದಿಂದ ಇದನ್ನ ನೋಡಬೇಕಂತಿದ್ದೆ ನಾನು," ಎಂದರು. ಸಂಸ್ಕೃತಿ ಉಪಸಮಿತಿಯ ವರದಿಯಲ್ಲಿ "ಐತಿಹಾಸಿಕ ನಿಖರತೆ: ಉತ್ತಮ" ಎಂದಿದೆ.

ಖರೀದಿ ಮತ್ತು ಭೋಜನಗಳಿಗೆ ಡೇಲ್ ಸಿಟಿಯಲ್ಲಿರುವ, ಸ್ವೀಡನ್ ಮೂಲದ ದೊಡ್ಡ ಪೀಠೋಪಕರಣದ ಅಂಗಡಿಯನ್ನು ಆರಿಸಲಾಗಿತ್ತು. ಒಳಗೆ ಸಾಲುಸಾಲಾಗಿ ಮಾದರಿ ಕೋಣೆಗಳು. ಅವು ಸ್ಟಾಕ್‌ಹೋಮಿನ ಗೃಹಸ್ಥರ ಮನೆಗಳೆಂದು ತೀರ್ಮಾನಿಸಿ ಒಂದೊಂದು ಮನೆಗೂ ಭೇಟಿ ಕೊಟ್ಟೆವು. ಯಾರ ಮನೆಯಲ್ಲೂ ಯಾರೂ ಇರಲಿಲ್ಲ, ಶನಿವಾರವಾದ್ದರಿಂದ ಹೊರಗೆ ಹೋಗಿರಬಹುದು. ಶಿವಬಸಮ್ಮನವರು ಒಂದು ಮನೆಯ ಸೋಫಾದ ಮೇಲೆ ಕೂತು ಹಾಗೆಯೇ ನಿದ್ದೆಹೋದರು. ಒಬ್ಬ ಅಮೆರಿಕನ್ ಹೆಂಗಸು ಅವರನ್ನು ಎಬ್ಬಿಸದೆ ಬೆಲೆಚೀಟಿ ಓದಿ, ಪಕ್ಕಕ್ಕೆ ಕೂತು ಸ್ಪ್ರಿಂಗ್ ಪರೀಕ್ಷಿಸಿ ಹೋದಳು. ಆ ಸೋಫಾವನ್ನು ಅಧ್ಯಯನ ಸಾಮಗ್ರಿಯೆಂದು ಪರಿಗಣಿಸಿ ಅಧ್ಯಕ್ಷರು ಪ್ರತಿಷ್ಠಾನದ ಹಣದಲ್ಲಿ ಕೊಂಡರು. ಜೊತೆಗೆ ಎರಡು ಕುರ್ಚಿ, ಒಂದು ರತ್ನಗಂಬಳಿ, ನಾಲ್ಕು ದೀಪ.

ಅಂಗಡಿಯ ಊಟದ ವಿಭಾಗದಲ್ಲಿ ಮಾಂಸದ ಉಂಡೆಗಳು ಪ್ರಸಿದ್ಧವಂತೆ. ಬೇಬಿ ಸದಸ್ಯರೆಲ್ಲರ ಪರವಾಗಿ ಮೂರು ತಟ್ಟೆ ತಿಂದು ವರದಿ ಸಲ್ಲಿಸಿದಳು. ಸಸ್ಯಾಹಾರಿಗಳಿಗೆ ಬೇಯಿಸಿದ ಆಲೂಗಡ್ಡೆ, ಕೆಂಪು ಹಣ್ಣಿನ ಒಂದು ಸಿಹಿ ಗೊಜ್ಜು. ನಿಂಬೆಕಾಯಿ ಉಪ್ಪಿನಕಾಯಿ ಜೊತೆಗಿದ್ದುದರಿಂದ ಸ್ವೀಡನ್ನಿನ ಆಹಾರ ನಮಗೆ ಒಗ್ಗಿತು.

ಫೋಟೋಗಳು ತೊಳೆದು ಬಂದ ಮೇಲೆ ಆಲ್ಬಮ್ಮಿಗೆ ಅಂಟಿಸಿ, ಪ್ರತಿಯೊಂದರ ಕೆಳಗೂ ಇಂಗ್ಲಿಷಿನಲ್ಲಿ, ಕಪ್ಪು ಶಾಯಿಯಲ್ಲಿ ವಿವರ ಬರೆದೆ. "ಸ್ಟಾಕ್‌ಹೋಮ್ ನಗರಸಭಾ ಭವನದ ಮುಂದೆ ನಾನು, ೮-೬-೯೬." ವಿವರವಿಲ್ಲದ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ.

ಅಕ್ಟೋಬರಿನಲ್ಲಿ ಗ್ರೀನ್ ಕಾರ್ಡಿನ ಸಂದರ್ಶನಕ್ಕೆ ಕರೆ ಬಂತು. ಇಂಥ ಸಂದರ್ಶನಗಳಿಗೆ ನಮ್ಮವರು ಹೋಗುವ ಕ್ರಮ ಎಲ್ಲರಿಗೂ ಗೊತ್ತು: ಕೇಳಿದ್ದು ಎರಡು ಕಾಗದವಾದರೆ ಒಯ್ಯುವುದು ಎರಡು ಸೂಟ್‌ಕೇಸು.

"ಅಮ್ಮ, ಏನೂ ಬಿಡ್ಬೇಡ," ಎಂದ ಶಶಾಂಕ್. "ನೀನು ನನ್ ತಾಯಿ ಅಂತ ಪ್ರೂವ್ ಮಾಡ್ಬೇಕು. ನನ್ನ ನಾಮಕರಣದ್ದು, ಸ್ಕೂಲ್ ರಿಪೋರ್ಟ್ಸ್, ಆಲ್ಬಮ್ಸ್ ಎಲ್ಲಾ ಪ್ಯಾಕ್ ಮಾಡು."

ಎಲ್ಲವನ್ನೂ ಪ್ಯಾಕ್ ಮಾಡಿದೆ.

ಅಧಿಕಾರಿಣಿ ಸೌಮ್ಯ ಸ್ವಭಾವದ ಹೆಂಗಸು. ಯಜಮಾನರನ್ನು ಎರಡು ನಿಮಿಷದಲ್ಲಿ ಮುಗಿಸಿ ನನ್ನ ಕಡೆ ತಿರುಗಿದಳು. ಅರ್ಜಿ ಹಾಕಿದ ಮೇಲೆ ದೇಶ ಬಿಟ್ಟು ಹೋಗಿದ್ದೀರಾ ಎಂದಳು. ಇಲ್ಲ ಎಂದೆ. ಅವಳು ಆಲ್ಬಮ್ಮಿನ ಪುಟಗಳನ್ನು ತಿರುವುತ್ತಾ ಒಂದು ಕಡೆ ನಿಂತಳು.

"ಇದು ಎಲ್ಲಿ?"

"ಸ್ಟಾಕ್‌ಹೋಮ್."

ಶಶಾಂಕ್ ಕಣ್ಣು ಮುಚ್ಚಿಕೊಂಡ.

"ಸ್ವೀಡನ್?"

"ಸ್ವೀಡನ್ನಿನಲ್ಲಿ ಇರುವಂಥದ್ದಲ್ಲ. ನಿಯಮ ಏಳರ ಪ್ರಕಾರದ್ದು."

"ಹಿಂದೆ ಫೈರ್ ಎಂಜಿನ್ ಕಾಣುತ್ತಿದೆ."

"ಹೌದು."

"ಹಾಗಾದರೆ ಕೆಳಗೆ ಬರೆದದ್ದು ತಪ್ಪೇ?"

"ನಾನು ತಪ್ಪು ಬರೆಯುವುದಿಲ್ಲ," ಎಂದೆ.

ಅವಳು ಪೆನ್ನು ಕೆಳಗಿಟ್ಟಳು. "ನೋಡಿ, ನಾನಿರುವುದೇ ಅನಂಡೇಲಿನಲ್ಲಿ. ಆ ಠಾಣೆಯ ಎದುರಿಗೇ ನನ್ನ ಬಟ್ಟೆ ಇಸ್ತ್ರಿಗೆ ಕೊಡುತ್ತೇನೆ. ಆದರೆ ನನಗೆ ಗೊತ್ತಿರುವುದು ಫೈಲಿನಲ್ಲಿಲ್ಲ. ನೀವು ಬರೆದದ್ದು ಈಗ ಫೈಲಿನಲ್ಲಿದೆ." ಪ್ರವಾಸ ವರ್ಜೀನಿಯಾದಲ್ಲಿಯೇ ನಡೆಯಿತೆಂದು ಏರ್ಪಡಿಸಿದ ಸಂಸ್ಥೆಯಿಂದ ಪತ್ರ ತಂದರೆ ಸಾಕು ಎಂದಳು. ಇಲ್ಲದಿದ್ದರೆ ಅರ್ಜಿ ರದ್ದು.

ಶಶಾಂಕ್ ಎರಡೂ ಸೂಟ್‌ಕೇಸುಗಳನ್ನು ಕಾರಿನ ಡಿಕ್ಕಿಗೆ ತುರುಕಿದ. ಆಮೇಲೆ, "ಅಮ್ಮ, ಫೈರ್ ಸ್ಟೇಷನ್ ಅಂದ್ಬಿಡೋದಕ್ಕೆ ನಿಂಗೇನಾಗಿತ್ತು?" ಎಂದ.

"ನಿಯಮಕ್ಕೆ ಸಹಿ ಹಾಕಿದ್ದು ಯಾರಪ್ಪ, ನೀನಾ?" ಎಂದರು ಯಜಮಾನರು.

ಕ್ಯಾಮೆರಾ ಹಿಡಿದವರು ಯಾವ ಫೋಟೋದಲ್ಲೂ ಇರಲಿಲ್ಲವಾದ್ದರಿಂದ ಯಜಮಾನರು ದೇಶ ಬಿಟ್ಟಿರಲಿಲ್ಲ. ಅವರ ಕಾರ್ಡ್ ಡಿಸೆಂಬರಿನಲ್ಲಿ ಅಂಚೆಗೆ ಬಂತು.

ಪತ್ರಕ್ಕಾಗಿ ತುರ್ತು ಸಭೆ ಸೇರಿತು. ಹೊಸ ಸೋಫಾದ ಮೇಲೆ ಅಧ್ಯಕ್ಷರು ಕೂತಿದ್ದರು. "ಅಲಮೇಲಮ್ಮಾರೆ, ನಿಮ್ಮ ಕಾರ್ಡ್ ಅಂದ್ರ ನಮ್ಮೆಲ್ಲರ ಕಾರ್ಡ್ ಇದ್ದಂಗ. ಆದ್ರ ವರ್ಜೀನಿಯಾದಾಗ ಆತು ಅಂತ ನಾವು ಬರದು ಕೊಟ್ರ, ನಾಳೆ ಪ್ರತಿಷ್ಠಾನದವರು ರೊಕ್ಕ ವಾಪಸ್ ಕೇಳ್ತಾರ. ಎಲ್ಲಿಂದ ತರೋಣ್ರಿ? ನೀವ ಹೇಳ್ರಿ."

ಎಲ್ಲರೂ ರತ್ನಗಂಬಳಿಯನ್ನು ನೋಡಿದರು. ಒಳ್ಳೆಯ ನೇಯ್ಗೆ.

"ಮಾರಾಯ್ರೆ, ಸೋಫಾ ಮಾರಿದರೆ ಆಯ್ತಪ್ಪ," ಎಂದಳು ಬೇಬಿ.

"ಅದು ಅಧ್ಯಯನ ಸಾಮಗ್ರಿ ಐತಿ," ಎಂದರು ಅಧ್ಯಕ್ಷರು.

"ಹಾಗಾದರೆ ಅಲಮೇಲು ಆಂಟಿ ಹೋದದ್ದು ನಿಜ ಅಂತಲೇ ಇಡುವ. ಹೋದವರು ಮತ್ತೆ ಬಂದಿದ್ದಾರಲ್ಲ, ಇಲ್ಲೇ ಕೂತಿದ್ದಾರೆ. ಬಂದ ಸ್ಟಾಂಪ್ ಒಂದು ತೋರಿಸಿದರೆ ಮುಗೀತು."

ಬೇಬಿ ಇದನ್ನು ತಮಾಷೆಗೆ ಹೇಳಿದಳೆಂದು ನಾನು ಭಾವಿಸಿದ್ದೆ. ಅದೇ ವಲಸೆ ವಕೀಲರ ಬಳಿ ಹೋಗಿ ಹೇಳಿದಾಗ ಅವರು ಹಾಗೆ ಭಾವಿಸಲಿಲ್ಲ. ಅವರ ಪ್ರಕಾರ ನನ್ನ ಫೈಲಿನಲ್ಲಿ ಒಂದು ನಿರ್ಗಮನವಿತ್ತು, ಆಗಮನವಿರಲಿಲ್ಲ. ತೊಂದರೆ ಇರುವುದು ಅಲ್ಲಿಯೇ. ನಿರ್ಗಮನವನ್ನು ಅಳಿಸಲಾಗದು, ಆಗಮನವನ್ನು ಸೇರಿಸಬಹುದು. ಅದಕ್ಕೆ ನಾನು ಪ್ರಯಾಣದ ಪರವಾನಗಿ ಪಡೆದು, ದೇಶ ಬಿಟ್ಟು, ಸರಿಯಾದ ಕ್ರಮದಲ್ಲಿ ವಾಪಸು ಬರತಕ್ಕದ್ದು. ಅಧಿಕಾರಿಣಿಗೂ ಇದು ಒಪ್ಪಿಗೆಯಾಯಿತು. ನಿಟ್ಟುಸಿರು ಬಿಟ್ಟಳೆಂದು ವಕೀಲರು ತಿಳಿಸಿದರು. ಪರವಾನಗಿಯ ಅರ್ಜಿಯಲ್ಲಿ "ಪ್ರಯಾಣದ ಉದ್ದೇಶ" ಎಂಬಲ್ಲಿ "ಸ್ಟಾಕ್‌ಹೋಮಿನಿಂದ ಹಿಂತಿರುಗುವುದು" ಎಂದು ಬರೆದೆ. ೧೯೯೭ರ ಏಪ್ರಿಲಿನಲ್ಲಿ ಮಂಜೂರಾಗಿ ಬಂತು.

ಯಜಮಾನರನ್ನು ಬನ್ನಿ ಎಂದು ಕರೆದೆ. "ನಾನು ನೋಡಿದ್ದಾಯ್ತಲ್ಲ," ಎಂದರು. ಮೇ ತಿಂಗಳಲ್ಲಿ ಒಬ್ಬಳೇ ಹೊರಟೆ. ರೇಷ್ಮೆ ಸೀರೆ, ಅದರ ಮೇಲೆ ಸೊಸೆಯ ಕೋಟು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು.

ಆ ನಗರ ನೀರಿನ ಮೇಲೆ ಇದೆ. ಇಪ್ಪತ್ತಾರು ವರ್ಷ ಹೇಳಿದ್ದು ನಿಜವಾಗಿತ್ತು. ನಗರಸಭಾ ಭವನದ ಗೋಪುರ ಹತ್ತಿ, ಮಂಡಿ ನೋವನ್ನು ಮರೆತು, ಬೆರಳು ಮಡಚುತ್ತಾ ದ್ವೀಪಗಳನ್ನು ಎಣಿಸಿದೆ. ಹನ್ನೊಂದಕ್ಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ, ಒಂಬತ್ತಕ್ಕೆ ನಗು ಬಂದುಬಿಟ್ಟಿತು. ಪಕ್ಕದಲ್ಲಿದ್ದ ಜಪಾನಿನ ದಂಪತಿಗಳೂ ಕಾರಣ ಕೇಳದೆ ನಕ್ಕರು. ದೋಣಿಯಿಂದ ದೋಣಿಗೆ ಹತ್ತಿ ಇಳಿದೆ, ಯಾವುದೂ ಮುಳುಗಲಿಲ್ಲ. ರಾತ್ರಿ ಒಂಬತ್ತಾದರೂ ಬಿಸಿಲು. ಸಂಧ್ಯಾಕಾಲ ಯಾವಾಗ ಎಂದು ತಿಳಿಯದೆ ಎರಡು ದಿನ ದೇವರಿಗೆ ದೀಪವನ್ನೇ ಹಚ್ಚಲಿಲ್ಲ. ಹಳೆಯ ಊರಿನ ಇಕ್ಕಟ್ಟಾದ ಓಣಿಯಲ್ಲಿ ಏಲಕ್ಕಿ ಹಾಕಿದ ಬನ್ನು ಮಾರುತ್ತಿದ್ದರು; ಏಲಕ್ಕಿ ಇಷ್ಟು ದೂರ ಬಂದು ಇಷ್ಟು ಗೌರವದಿಂದ ಬಾಳುತ್ತಿರುವುದು ನನಗೆ ಗೊತ್ತಿರಲಿಲ್ಲ. ಮೂರು ತಿಂದೆ. ಕೆಂಪು ಬಣ್ಣದ ಒಂದು ಮರದ ಕುದುರೆಯ ಬೆಲೆಯನ್ನು ಮೊದಲು ಡಾಲರಿಗೆ, ಆಮೇಲೆ ರೂಪಾಯಿಗೆ ಪರಿವರ್ತಿಸಿ ಕೆಳಗಿಟ್ಟೆ. ಸೇತುವೆಯವರೆಗೆ ಹೋಗಿ, ವಾಪಸು ಬಂದು ಕೊಂಡೆ.

ವಾಸಾ ಇಡೀ ಒಂದು ಕಟ್ಟಡದೊಳಗೆ ಕತ್ತಲಲ್ಲಿ ನಿಂತಿತ್ತು, ನಮ್ಮ ದೇವಸ್ಥಾನದ ಗರ್ಭಗುಡಿಯ ಹಾಗೆ. ವಿವರಿಸುತ್ತಿದ್ದ ಹುಡುಗಿ, ಇದನ್ನು ಮೊದಲು ನೋಡಿದ್ದೀರಾ ಎಂದು ನನ್ನನ್ನು ಕೇಳಿದಳು.

"ಹೌದು," ಎಂದೆ. "ಅದು ಮುಳುಗುವಾಗ ನಮ್ಮ ಅಧ್ಯಕ್ಷರು ಅದರಲ್ಲಿದ್ದರು."

ಅವಳು ತಲೆಯಾಡಿಸಿ ಮುಂದಿನ ಮಹಡಿಗೆ ಕರೆದೊಯ್ದಳು. ಸುಶಿಕ್ಷಿತ ದೇಶ.

ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪರವಾನಗಿ ನೋಡಿ, ಎಷ್ಟು ದಿನ ಹೊರಗಿದ್ದಿರಿ ಎಂದ. "ಫೈಲಿನ ಪ್ರಕಾರ ಹನ್ನೊಂದು ತಿಂಗಳು. ವಾಸ್ತವವಾಗಿ ನಾಲ್ಕು ದಿನ," ಎಂದೆ. ಅವನು ಎರಡನ್ನೂ ಬರೆದುಕೊಂಡು ಸ್ಟಾಂಪ್ ಹಾಕಿದ. ಜುಲೈಯಲ್ಲಿ ನನ್ನ ಕಾರ್ಡ್ ಬಂತು. ಫೋಟೋ ಚೆನ್ನಾಗಿಲ್ಲ.

ಆಗಸ್ಟಿನ ಸಭೆಯಲ್ಲಿ ಈ ಕೆಳಗಿನ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು: "ಕಾರ್ಯದರ್ಶಿಯವರು ಕೈಗೊಂಡ ಯಾತ್ರೆಯು ಸಮಿತಿಯ ಪ್ರವಾಸದ ಮುಂದುವರಿದ ಭಾಗವಾಗಿದ್ದು, ಇಪ್ಪತ್ತನಾಲ್ಕು ಸದಸ್ಯರೂ ಹೋಗಿಬಂದಂತೆಯೇ ಭಾವಿಸತಕ್ಕದ್ದು." ನನ್ನ ಬೋರ್ಡಿಂಗ್ ಪಾಸಿನ ಪ್ರತಿಯನ್ನು ಪ್ರತಿಷ್ಠಾನಕ್ಕೆ ಕಳಿಸಲಾಯಿತು. ಇಷ್ಟು ಮಂದಿ ಒಂದೇ ಟಿಕೆಟ್ಟಿನಲ್ಲಿ ಪರದೇಶ ಸುತ್ತಿ ಬಂದ ಮಿತವ್ಯಯವನ್ನು ಮೆಚ್ಚಿ ಅವರು ಪ್ರಶಂಸಾಪತ್ರ ಕಳಿಸಿದರು. ಅದಕ್ಕೆ ಅಧ್ಯಕ್ಷರು ಕಟ್ಟು ಹಾಕಿಸಿ ಸೋಫಾದ ಮೇಲಿನ ಗೋಡೆಗೆ ತೂಗುಹಾಕಿದ್ದಾರೆ.

ನನ್ನ ಖರ್ಚನ್ನು ಸಮಿತಿ ಭರಿಸಬಹುದೇ ಎಂಬ ವಿಷಯವೂ ಬಂತು. ಸಮಿತಿಯೊಡನೆ ಪ್ರಯಾಣ ಮಾಡಿದವರಿಗೆ ಮಾತ್ರ ಖರ್ಚು ಸಲ್ಲತಕ್ಕದ್ದು, ಒಂಟಿಯಾಗಿ ಹೋದವರಿಗೆ ಸಲ್ಲದು ಎಂದು ಕರುಣಾಕರ ಅಳುಕುತ್ತಾ ನಿಯಮ ಓದಿದ. ಅದರ ಕರಡೂ ನನ್ನದೇ, ಬಿಗಿಯಾದ ಭಾಷೆ. ಪರವಾಗಿ ಕೈ ಎತ್ತಿದೆ.

ಒಟ್ಟು ಖರ್ಚು ಹೀಗಿದೆ. ಮೊದಲ ಸ್ಟಾಕ್‌ಹೋಮಿಗೆ ನನ್ನ ಪಾಲು, ದೋಣಿಯ ದಂಡ ಸೇರಿ, ಮೂವತ್ತೆಂಟು ಡಾಲರ್. ವಕೀಲರಿಗೆ ಐನೂರ ಇಪ್ಪತ್ತೈದು. ಪರವಾನಗಿಗೆ ತೊಂಬತ್ತು. ವಿಮಾನಕ್ಕೆ ಆರುನೂರ ಹನ್ನೆರಡು. ಹೋಟೆಲು, ಊಟ, ದೋಣಿಗಳಿಗೆ ಮುನ್ನೂರ ನಲವತ್ತು. ಕುದುರೆಗೆ ಇಪ್ಪತ್ತೆರಡು. ಎಲ್ಲ ಸೇರಿ ಸಾವಿರದ ಆರುನೂರ ಇಪ್ಪತ್ತೇಳು ಡಾಲರ್. ನನ್ನ ಪಿಂಚಣಿಯಿಂದ ಕೊಟ್ಟಿದ್ದೇನೆ.